ಸ್ವಾಮಿಯ ಬಾವಿ, ಮಕ್ಕಳ ಬೋರು

ಅವತ್ತು ಬೆಳಿಗ್ಗೆ ನಾನು ಹಿತ್ತಲಲ್ಲಿ ಕೂತು, ಕುಡಿಯುವ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಕಟ್ಟಿದ್ದ ಬಿಳಿ ಚೆಕ್ಕೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜುತ್ತಿದ್ದೆ. ತೆಂಗಿನ ನಾರಿನಲ್ಲಿ ತಿಕ್ಕಿದರೆ ಮೇಲಿನ ಪದರ ಪುಡಿಪುಡಿಯಾಗಿ ಏಳುತ್ತಿತ್ತು. ಒಳಗಿನದು ಮಾತ್ರ ಪಾತ್ರೆಯ ಜೊತೆಗೇ ಹುಟ್ಟಿದ ಹಾಗೆ ಕೂತಿರುತ್ತಿತ್ತು. ಅಷ್ಟರಲ್ಲಿ ಶಾಲೆಗೆ ಹೊರಟಿದ್ದ ದೊಡ್ಡ ಮಗಳು ಚೀಲ ಕುಣಿಸಿಕೊಂಡು ವಾಪಸ್ಸು ಓಡಿಬಂದಳು.

"ಅವ್ವಾ, ಡೈರಿ ತಾವ್ಲ ಬೋರಿಗೆ ಕೆಂಪು ಬಣ್ಣ ಬಳೀತಾವ್ರೆ! ಇನ್ಮೇಲೆ ಅದ್ರ ನೀರು ಕುಡೀಬಾರ್ದಂತೆ!"

ಅಷ್ಟು ದೊಡ್ಡ ಸುದ್ದಿ ಹೇಳುವಾಗಲೂ ಅವಳ ಎಡಗೈ ಬಾಯಿಗೆ ಅಡ್ಡವಾಗಿತ್ತು.

ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡು, ಇನ್ನೂ ಮೂರು ತುಂಬದ ಚಿಕ್ಕ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ನಾನೂ ಅವಳ ಹಿಂದೆ ಹೋದೆ. ನಮ್ಮದು ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆ ಕಡೆಯ ಊರು. ರಾಗಿ, ಹುರುಳಿ, ಕುರಿ, ಒಂದಷ್ಟು ತೆಂಗು. ಊರಿಗೆಲ್ಲ ಕುಡಿಯಲು ಇದ್ದದ್ದು ಹಾಲಿನ ಡೈರಿಯ ಮುಂದಿನ ಆ ಒಂದು ಕೈಪಂಪು. ಅದರ ಸುತ್ತ ಹೆಂಗಸರು ಬಿಂದಿಗೆ ಹಿಡಿದು ನಿಂತಿದ್ದರು. ತಾಲ್ಲೂಕಿನಿಂದ ಜೀಪಿನಲ್ಲಿ ಬಂದಿದ್ದ ನೀರು ಪರೀಕ್ಷೆಯವರು, ಪಂಪಿನ ಕುತ್ತಿಗೆಗೆ ಕೆಂಪು ಬಳಿಸುತ್ತಲೇ ಹೇಳುತ್ತಿದ್ದರು:

"ಈ ನೀರಲ್ಲಿ ಫ್ಲೋರೈಡು ಜಾಸ್ತಿ ಇದೆ. ಬಟ್ಟೆ ಒಗೀರಿ, ಸ್ನಾನ ಮಾಡಿ, ದನ ತೊಳೀರಿ. ಕುಡಿಯೋಕೆ, ಅಡಿಗೆಗೆ ಮಾತ್ರ ಬೇಡ. ಮಕ್ಕಳ ಹಲ್ಲು ಕಂದಿಹೋಗುತ್ತೆ. ವರ್ಷಗಟ್ಟಲೆ ಕುಡಿದ್ರೆ ಮಂಡಿ, ಸೊಂಟ ಹಿಡ್ಕೊಳುತ್ತೆ."

"ಎಳ್ನೀರಂಗೆ ಐತಲ್ಲಪ್ಪ ನೀರು! ಉಳ ಇಲ್ಲ, ಕೆಸ್ರಿಲ್ಲ," ಎಂದಳು ಒಬ್ಬ ಅಜ್ಜಿ.

"ಅದು ಕಣ್ಣಿಗೆ ಕಾಣಲ್ಲ ಅಜ್ಜಿ. ನಾಲಿಗೆಗೂ ಗೊತ್ತಾಗಲ್ಲ."

ನಾನು ಸುಮ್ಮನಿರಲಾರದೆ ಕೇಳಿದೆ: "ನಮ್ಮನೇಲಿ ಚೆನ್ನಾಗಿ ಕಾಯ್ಸಿ, ಸೋಸಿ ಕುಡೀತೀವಲ್ಲ ಸ್ವಾಮಿ?"

"ಉಪ್ಪುನೀರು ಕುದಿಸಿದ್ರೆ ಉಪ್ಪು ಹೋಗುತ್ತೇನಮ್ಮ? ನೀರು ಆವಿಯಾಗುತ್ತೆ, ಉಪ್ಪು ಉಳಿಯುತ್ತೆ. ಇದೂ ಹಾಗೇ. ಕಾಯಿಸಿದಷ್ಟೂ ಗಟ್ಟಿಯಾಗುತ್ತೆ."

ಆ ಮಾತು ಕೇಳಿ ನನ್ನ ಮೈ ಉರಿದುಹೋಯಿತು. ಅವರ ಮೇಲಲ್ಲ. 'ಕಾಯಿಸಿ ಕುಡಿಯಿರಿ' ಎಂದು ಶಾಲೆಯ ಗೋಡೆಯ ಮೇಲೆ ಬರೆಸಿದವರ ಮೇಲೆ, ಬಾಣಂತನದಲ್ಲಿ ಹೇಳಿದವರ ಮೇಲೆ, ಹೋದಲ್ಲಿ ಬಂದಲ್ಲಿ ಅದೊಂದೇ ಬುದ್ಧಿ ಹೇಳಿದವರೆಲ್ಲರ ಮೇಲೆ. ಎಂಥ ನೀರನ್ನು ಕಾಯಿಸಬೇಕು, ಎಂಥದಕ್ಕೆ ಕಾಯಿಸುವುದು ಮದ್ದಲ್ಲ ಎಂದು ಒಬ್ಬರೂ ಬಿಡಿಸಿ ಹೇಳಿರಲಿಲ್ಲ. ಸೌದೆ ಒಟ್ಟಿ, ಹೊಗೆ ಕುಡಿದು, ಕಣ್ಣು ಒರೆಸಿಕೊಳ್ಳುತ್ತ, ದೇವರ ಹೆಸರು ಹೇಳುತ್ತ ನಾನು ಕುದಿಸಿದ್ದು ಇದನ್ನೇ?

"ಪಟಿಕ ಹಾಕಿದ್ರೆ?" ಎಂದೆ.

"ಸುಣ್ಣ, ಪಟಿಕ ಸೇರಿಸಿ ತೆಗೆಯೋ ಕ್ರಮ ಒಂದಿದೆ. ನೀರು ಪರೀಕ್ಷೆ ಮಾಡಿ, ಅಳತೆ ಗೊತ್ತಿರೋರು ನಿಂತು ಮಾಡಿಸಬೇಕು. ಕೈಅಂದಾಜಿಗೆ ಹಾಕಬೇಡಿ." ನನ್ನ ಇಬ್ಬರು ಮಕ್ಕಳನ್ನೂ ನೋಡಿದರು. "ದೊಡ್ಡ ಹುಡುಗಿಗೆ ಹಲ್ಲು ಬಂದಾಯಿತು, ಅದು ಇನ್ನು ಬದಲಾಗಲ್ಲ. ಆದ್ರೆ ಈ ಮಗೂಗೆ ಮುಂದೆ ಬರೋ ಹಲ್ಲು ಈಗ್ಲೇ ಒಸಡಿನೊಳಗೆ ಕಟ್ತಾ ಇರುತ್ತೆ. ಇವಳಿಗಾದ್ರೂ ಬೇರೆ ನೀರು ಕೊಡಿ. ಏನಿಲ್ಲಾಂದ್ರೆ ಮಳೆ ನೀರಾದ್ರೂ ಹಿಡೀರಿ."

ಬೇರೆ ನೀರು ಎಲ್ಲಿದೆ ಎಂದು ಹೇಳದೆ ಜೀಪು ಹೊರಟುಹೋಯಿತು.

ನನ್ನ ತವರು ಶ್ರೀರಂಗಪಟ್ಟಣದ ಹತ್ತಿರ, ಹೊಳೆಯ ದಂಡೆ. ಮಳೆಗಾಲದಲ್ಲಿ ಅಲ್ಲಿ ಹೊಳೆ ನೀರು ಕೆಮ್ಮಣ್ಣು ಕಲಸಿದ ಹಾಗೆ ಬರುತ್ತಿತ್ತು. ನಮ್ಮವ್ವ ಪಟಿಕದ ತುಂಡನ್ನು ನೀರು ತುಂಬಿದ ಕೊಳದಪ್ಪಲೆಯೊಳಗೆ ಒಂದೆರಡು ಸುತ್ತು ಆಡಿಸಿ ಬಿಡುತ್ತಿದ್ದಳು. ಕೆಸರೆಲ್ಲ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಗ್ಗಿಸಿ, ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿ, ಮಳ್ಳುವ ತನಕ ಕಾಯಿಸುತ್ತಿದ್ದಳು. ಆ ನೀರು ತನ್ನ ದೋಷವನ್ನು ಮುಖದ ಮೇಲೇ ತೋರಿಸುತ್ತಿತ್ತು. ಇಲ್ಲಿಗೆ ಸೊಸೆಯಾಗಿ ಬಂದಾಗ ಬೋರಿನ ನೀರು ನೋಡಿ, ಲೋಟದ ತಳದ ಗೆರೆ ಕಾಣುವಷ್ಟು ತಿಳಿ, ದೇವರು ನನ್ನನ್ನು ಒಳ್ಳೆಯ ನೀರಿನ ಊರಿಗೇ ಸೇರಿಸಿದ ಎಂದು ಕೈಮುಗಿದಿದ್ದೆ. ಬೇಳೆ ಬೇಯಲು ಹೊತ್ತಾಗುತ್ತಿತ್ತು, ಸೋಪು ನೊರೆ ಬರುತ್ತಿರಲಿಲ್ಲ. ಗಡಸು ನೀರು, ಏನು ಮಾಡಕ್ಕಾಯ್ತದೆ ಎನ್ನುತ್ತಿದ್ದರು. ಅಷ್ಟೇ ಅದರ ದೋಷ ಎಂದುಕೊಂಡಿದ್ದೆ.

ಮತ್ತೊಂದು ಸಂಗತಿ. ಈ ಊರಿನ ಹುಡುಗಿಯರು ನಗುವಾಗ ಸೆರಗನ್ನೋ ಅಂಗೈಯನ್ನೋ ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಎಷ್ಟು ನಾಚಿಕೆ, ಎಷ್ಟು ಮರ್ಯಾದೆ ಎಂದು ನಾನು ತವರಿಗೆ ಹೋದಾಗ ನಮ್ಮವ್ವನ ಮುಂದೆ ಹೊಗಳಿದ್ದೂ ಉಂಟು. ನನ್ನ ಮಗಳಿಗೆ ಹಾಲುಹಲ್ಲು ಬಿದ್ದು ಎರಡನೆಯ ಸಾಲಿನ ಹಲ್ಲು ಬರುವವರೆಗೆ ನನಗೆ ಅದರ ಅರ್ಥವಾಗಲಿಲ್ಲ. ಮೊದಲು ಸುಣ್ಣ ಮೆತ್ತಿದ ಹಾಗೆ ಬಂದವು. ಆಮೇಲೆ ಕಾಫಿ ಡಿಕಾಕ್ಷನ್ನು ಚೆಲ್ಲಿದ ಹಾಗೆ ಅಡ್ಡಡ್ಡ ಕಂದು ಗೆರೆ.

ಆಗ ಶುರುವಾಯಿತು ಮಾತು. ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಎದ್ದು ನಿಲ್ಲಿಸಿ, ಬಾಯಿ ತೆಗೆಸಿ, "ನಿಮ್ಮವ್ವ ಹಲ್ಲುಜ್ಜೋದು ಕಲಿಸಿಲ್ವೇನೇ?" ಎಂದು ಕೇಳಿದರು. ಇಡೀ ತರಗತಿ ನಕ್ಕಿತು. ನಕ್ಕವರಲ್ಲಿ ಅರ್ಧ ಮಕ್ಕಳ ಹಲ್ಲೂ ಹಾಗೇ ಇದ್ದವು, ಅದು ಬೇರೆ ಮಾತು. ಮನೆಯಲ್ಲಿ ನಮ್ಮತ್ತೆ:

"ಎಣ್ಣು ಮಗ ಕಣೇ. ಬೆಳಿಗ್ಗೆ ಎದ್ದು ವಸಿ ನಿಂತ್ಕೊಂಡು ಉಜ್ಜಿಸಕ್ಕೆ ನಿಂಗೇನು ರೋಗ? ಒಳೆ ದಂಡೇಲಿ ಬೆಳ್ದೋರ್ಗೆ ನೀರು ಕಂಡ್ರೂ ಸೋಮಾರಿತನ."

"ಉಜ್ಜುತ್ತಾಳೆ ಅತ್ತೆಮ್ಮ, ಒಸಡಲ್ಲಿ ರಕ್ತ ಬರೋಗಂಟ ಉಜ್ಜುತ್ತಾಳೆ."

"ಇದ್ದಿಲು ಉಪ್ಪು ಆಕಿ ಉಜ್ಜಕ್ಕೇಳು. ಓಯ್ತದೆ."

ಇದ್ದಿಲಿಗೂ ಹೋಗಲಿಲ್ಲ, ಬೇವಿನಕಡ್ಡಿಗೂ ಹೋಗಲಿಲ್ಲ, ನಾಗಮಂಗಲದ ಸಂತೆಯಲ್ಲಿ ಮಾರುವ ಹಲ್ಲುಪುಡಿಗೂ ಹೋಗಲಿಲ್ಲ. ಹಲ್ಲಿನ ಒಳಗಿಂದಲೇ ಬಂದ ಬಣ್ಣ ಮೇಲೆ ಉಜ್ಜಿದರೆ ಹೋದೀತೆ? ಆ ಮಗು ನಗುವುದನ್ನೇ ಕೈಯಲ್ಲಿ ಮುಚ್ಚಿಕೊಂಡಿತು. ಯಾರು ಮಾಡಿದ ತಪ್ಪಿಗೆ ಯಾರು ನಾಚಿಕೊಳ್ಳಬೇಕು? ಕೊಳವೆ ಇಳಿಸಿದವರು ನಾಚಿಕೊಳ್ಳಲಿಲ್ಲ. ಇಷ್ಟು ವರ್ಷ ಒಂದು ಬಾಟಲಿ ನೀರು ತೆಗೆದು ನೋಡದವರು ನಾಚಿಕೊಳ್ಳಲಿಲ್ಲ. ನಾಚಿಕೊಂಡದ್ದು ಎಳೆಯ ಹುಡುಗಿಯರು.

ಕೆಂಪು ಬಣ್ಣ ಬಳಿದ ದಿನ, ಇನ್ನಾದರೂ ಊರು ಎಚ್ಚರವಾಗುತ್ತದೆ ಎಂದು ನಾನು ನಂಬಿದ್ದೆ. ಸಾಯಂಕಾಲ ಹಾಲು ಹಾಕಲು ಡೈರಿಗೆ ಹೋದರೆ, ಪಂಪಿನ ಮುಂದೆ ನಮ್ಮ ಭಾವನವರು, ಎಂದರೆ ನನ್ನ ಯಜಮಾನರ ಅಣ್ಣ, ನಿಂತಿದ್ದರು. ಅವರು ಪಂಚಾಯಿತಿ ಮೆಂಬರು. ಪಂಪಿಗೆ ಹಸಿರು ಬಣ್ಣ ಬಳಿಸುತ್ತಿದ್ದರು. ಕೆಂಪು ಪೂರ್ತಿ ಮುಚ್ಚಿಹೋಗಿತ್ತು.

"ಇದೇನು ಭಾವ?" ಎಂದೆ. ಭಾವನವರ ಮುಂದೆ ದನಿ ಎತ್ತಿ ಮಾತಾಡಿದ್ದು ಅದೇ ಮೊದಲು.

"ನಾಳಿಕ್ಕೆ ಕೆ.ಆರ್. ಪೇಟೆ ಕಡೆಯಿಂದ ನಮ್ಮ ಮಗೀನ ನೋಡಕ್ಕೆ ನೆಂಟ್ರು ಬತ್ತಾವ್ರೆ ಕಣವ್ವ. ಊರ ಬಾಗ್ಲಲ್ಲೇ ಇಂಗೆ ಕೆಂಪಗೆ ಬಳ್ಕೊಂಡು ಕೂತಿದ್ರೆ ಯಾವನು ಈ ಊರ ಎಣ್ಣು ತತ್ತಾನೆ?"

ಪಕ್ಕದಲ್ಲಿದ್ದವನೊಬ್ಬ ಒತ್ತಾಸೆಗೆ ಬಂದ: "ಅಂಗೇ ಕಣಣ್ಣ. ಒಂದ್ ಊರ್ಗೆ ಎಸ್ರು ಬಿತ್ತು ಅಂದ್ರೆ ಮುಗೀತು. ಗಂಡುಡುಗ್ರಿಗೂ ಎಣ್ಣು ಸಿಕ್ಕಲ್ಲ."

"ನೀರು ಅಂಗೇ ಇರ್ತದಲ್ಲ ಭಾವ! ಬಣ್ಣ ಬದಲಾಯ್ಸಿದ್ರೆ ನೀರು ಬದಲಾಯ್ತದಾ?"

"ನಮ್ಮಪ್ಪ ತಾತ ಎಲ್ಲಾ ಈ ಊರಲ್ಲೇ ನೀರು ಕುಡಿದು ಬಾಳ್ಲಿಲ್ವಾ? ನೋಡು, ನಂಗೇನಾಗದೆ?" ಎಂದು ಭಾವನವರು ಜೋರಾಗಿ ನಕ್ಕರು. ಅವರ ಹಲ್ಲು ಮಲ್ಲಿಗೆ ಮೊಗ್ಗಿನ ಸಾಲಿನ ಹಾಗೆ ಬೆಳ್ಳಗಿದ್ದವು.

ಮನೆಗೆ ಬಂದು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಆ ನಗು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಇದೇ ಊರಿನಲ್ಲಿ ಹುಟ್ಟಿ ಬೆಳೆದ ಅವರಿಗೆ ಬಿಳಿ ಹಲ್ಲು, ಅವರ ಮಗಳಿಗೆ ಮಾತ್ರ ಕಂದು ಹಲ್ಲು. ಹೇಗೆ? ಅತ್ತೆಯನ್ನು ಕೇಳಿದೆ: "ಭಾವ ಚಿಕ್ಕೋರಾಗಿದ್ದಾಗ ನೀರು ಎಲ್ಲಿಂದ ತತ್ತಿದ್ರಿ ಅತ್ತೆಮ್ಮ?"

"ಇನ್ನೆಲ್ಲಿಂದ? ಗುಡಿ ಬಾವಿಯಿಂದ. ಬೋರು ಬಂದ್ಮೇಲೆ ತಾನೆ ಅದ್ನ ಸ್ವಾಮಿಗೆ ಬುಟ್ಟಿದ್ದು."

ನರಸಿಂಹಸ್ವಾಮಿ ಗುಡಿಯ ಅಂಗಳದಲ್ಲಿ ಕಲ್ಲು ಕಟ್ಟಿದ ತೆರೆದ ಬಾವಿ. ಬೋರಿನ ತಿಳಿನೀರು ಬಂದಾಗ ಊರಿನವರೆಲ್ಲ ಸೇರಿ, ಇನ್ನು ಇದು ಸ್ವಾಮಿಯ ಅಭಿಷೇಕಕ್ಕೆ ಮೀಸಲು, ಮನೆ ಬಳಕೆಗೆ ಯಾರೂ ಹಗ್ಗ ಇಳಿಸಬಾರದು ಎಂದು ಕಟ್ಟು ಮಾಡಿದರಂತೆ. ನಾನು ಬಂದಾಗಿನಿಂದ ಆ ಬಾವಿಯ ನೀರನ್ನು ಅಂಗೈಯಲ್ಲಿ ತೀರ್ಥವಾಗಿ ಮಾತ್ರ ಕುಡಿದಿದ್ದೆ. ಊರು ಮಾಡಿದ್ದು ಭಕ್ತಿಯೇ, ನಾನು ಅಲ್ಲವೆನ್ನುವುದಿಲ್ಲ. ಆದರೆ ಆ ಭಕ್ತಿಯಲ್ಲಿ ನೆಲದಾಳದ ನೀರನ್ನು ಮಕ್ಕಳ ಬಾಯಿಗೆ ಬಿಟ್ಟು, ಮಕ್ಕಳು ಕುಡಿಯಬೇಕಾದ ನೀರನ್ನು ಕಲ್ಲಿನ ಮೇಲೆ ಸುರಿಯುತ್ತಿದ್ದರು. ಅಮ್ಮನಾದವಳಿಗೆ ಇದು ಹೊಟ್ಟೆ ಉರಿಸದೆ ಇರುತ್ತದೆಯೇ?

ಮಾರನೆಯ ದಿನ ಭಾವನವರ ಮನೆಗೆ ನೆಂಟರು ಬಂದರು. ಭಾವನ ಹೆಂಡತಿ, ನನ್ನ ಓರಗಿತ್ತಿ, ಮಗಳಿಗೆ ಬೆಳಿಗ್ಗೆಯಿಂದ ಪಾಠ ಹೇಳಿದ್ದಳು: "ಕೇಳಿದ್ದಕ್ಕೆ ಬಾಯಿ ಮುಚ್ಕೊಂಡೇ ಊ ಅನ್ನು, ನಗಬ್ಯಾಡ." ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಹೋದೆ. ಗಂಡು ಲಕ್ಷಣವಾಗಿದ್ದ. ದಪ್ಪ ಮೀಸೆ, ಇಸ್ತ್ರಿ ಷರಟು. ಕೈಯಲ್ಲೊಂದು ಕರವಸ್ತ್ರ. ಅದನ್ನು ಅವನು ಬಾಯಿಂದ ತೆಗೆಯಲೇ ಇಲ್ಲ. ಮಾತಾಡಿದರೆ ಒರೆಸಿಕೊಂಡ, ಕಾಫಿ ಕುಡಿದರೆ ಒರೆಸಿಕೊಂಡ, ನಮ್ಮ ಯಜಮಾನರು ಏನೋ ತಮಾಷೆ ಮಾಡಿದರೆ ಕರವಸ್ತ್ರದೊಳಗೇ ನಕ್ಕ. ಈ ಕಡೆ ಹುಡುಗಿ ತಲೆ ತಗ್ಗಿಸಿ ಸೆರಗಿನೊಳಗೆ, ಆ ಕಡೆ ಹುಡುಗ ಕರವಸ್ತ್ರದೊಳಗೆ. ಉಪ್ಪಿಟ್ಟು ಬಡಿಸಲು ಬಗ್ಗಿದಾಗ ನನಗೆ ಅವನ ಹಲ್ಲು ಕಂಡವು. ಅವೇ ಗೆರೆ, ಅದೇ ಬಣ್ಣ.

ಅಡಿಗೆಮನೆಗೆ ಬಂದು ಓರಗಿತ್ತಿಯ ಕಿವಿಯಲ್ಲಿ ಹೇಳಿದೆ. ಅವಳು ಬಾಗಿಲ ಸಂದಿಯಿಂದ ಇಣುಕಿ ನೋಡಿ, ಅಲ್ಲೇ ಒರಳಿನ ಮೇಲೆ ಕೂತುಬಿಟ್ಟಳು. ಅವಳಿಗೆ ನಗು ಬಂತೋ ಅಳು ಬಂತೋ ನನಗೆ ತಿಳಿಯಲಿಲ್ಲ.

"ಅಯ್ಯೋ ಇವ್ನ ಮನೆ ಕಾಯ್ವಾಗ! ಅವ್ರೂರ್ನಲ್ಲೂ ಯಾವನೋ ಬಣ್ಣ ಬಳ್ಸವ್ನೆ ಕಣೆ!"

"ಇಬ್ರಿಗೂ ಮದ್ವೆ ಆಗಿ ಮಕ್ಳಾದ್ರೆ ಅವುಕ್ಕೆ ಯಾವ ನೀರಕ್ಕಯ್ಯ?" ಎಂದೆ. ಅವಳು ಕಾಫಿ ಲೋಟ ತೊಳೆಯುವಾಗ ಒಂದೊಂದನ್ನೂ ಎತ್ತಿ ಕುಕ್ಕುತ್ತಿದ್ದಳು.

ಗುಡಿಯ ಪೂಜಾರಪ್ಪನನ್ನು ಕೇಳಿ ಬಾವಿಯ ನೀರನ್ನು ಒಂದು ಬಾಟಲಿಗೆ ತುಂಬಿಸಿದೆ. ಒಂದು ಬಾಟಲಿಯಿಂದ ಸ್ವಾಮಿಗೆ ಕಮ್ಮಿಯಾಗುವುದಿಲ್ಲ ಎಂದು ಅವರೇ ಸೇದಿಕೊಟ್ಟರು. ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಅಣ್ಣನ ಎದುರಿಗಂತೂ ಇಲ್ಲವೇ ಇಲ್ಲ. ಆದರೆ ಬಾಟಲಿಯನ್ನು ಪಂಚೆಯೊಳಗೆ ಮುಚ್ಚಿಕೊಂಡು ಬಸ್ಸು ಹತ್ತಿ ನಾಗಮಂಗಲದ ನೀರು ಪರೀಕ್ಷೆಯವರಿಗೆ ಕೊಟ್ಟುಬಂದರು, ಆಮೇಲೆ ಹೋಗಿ ಕೇಳಿಕೊಂಡೂ ಬಂದರು. ಅದೂ ಒಂದು ದೇವರ ದಯೆ.

"ಪ್ಲೋರೈಡು ಲೆಕ್ಕಕ್ಕೆ ಒಳ್ಳೇ ನೀರಂತೆ," ಎಂದರು ಜಗಲಿಯಲ್ಲಿ ಕೂತು. "ಆದ್ರೆ ತೆರೆದ ಬಾವಿ. ಎಲೆ ಬೀಳ್ತದೆ, ಅಕ್ಕಿಪಕ್ಕಿ ಗಲೀಜು ಬೀಳ್ತದೆ. ಬ್ಲೀಚಿಂಗ್ ಪುಡಿ ಆಕಿಸ್ಬೇಕಂತೆ. ಆಮೇಲೆ ಸೋಸಿ, ಚೆನ್ನಾಗಿ ಮಳ್ಳಿಸಿ ಕುಡೀಬೇಕಂತೆ."

ಕೇಳಿ ನನಗೆ ಕೆಟ್ಟ ನಗು ಬಂತು. ಕಾಯಿಸಬೇಕಾದ ನೀರನ್ನು ಮುಟ್ಟದೆ, ಕಾಯಿಸಬಾರದ ನೀರನ್ನು ಕಾಯಿಸುತ್ತ ಕೂತಿದ್ದೆವಲ್ಲ!

ಆ ಶನಿವಾರ ತಲೆಗೆ ನೀರು ಹಾಕಿಕೊಂಡು, ಮಡಿಯುಟ್ಟು, ಹಿತ್ತಾಳೆ ಬಿಂದಿಗೆ ಹಿಡಿದು ಗುಡಿಗೆ ಹೋದೆ. ಪೂಜಾರಪ್ಪ ಅಭಿಷೇಕ ಮುಗಿಸಿ ಮಂಗಳಾರತಿ ಎತ್ತಿದ್ದರು. ಶನಿವಾರವಾದ್ದರಿಂದ ಹತ್ತಾರು ಜನ ಇದ್ದರು, ಭಾವನವರೂ ಇದ್ದರು. ತೀರ್ಥಕ್ಕೆ ಎಲ್ಲರೂ ಅಂಗೈ ಒಡ್ಡಿದರು. ನನ್ನ ಸರದಿ ಬಂದಾಗ ನಾನು ಬಿಂದಿಗೆ ಒಡ್ಡಿದೆ.

"ಏನವ್ವಾ ಇದು?" ಪೂಜಾರಪ್ಪನ ಕೈ ಅಲ್ಲೇ ನಿಂತಿತು.

"ತೀರ್ಥ ಆಕಿ."

"ತೀರ್ಥ ಅಂದ್ರೆ ಒಂದು ಉದ್ಧರಣೆ ಕಣವ್ವ. ಬಿಂದಿಗೆಗಟ್ಲೆ ಉಂಟಾ?"

"ಬೇಡಿದ ಭಕ್ತರ್ಗೆ ಇಷ್ಟೇ ಅಂತ ಸ್ವಾಮಿ ಎಲ್ಲಾದ್ರೂ ಏಳವ್ನಾ ಪೂಜಾರಪ್ಪ? ನನ್ನ ಚಿಕ್ಕ ಮಗೀಗೆ ದಿನಾ ಬೆಳಿಗ್ಗೆ ಸಾಯಂಕಾಲ ತೀರ್ಥ ಕುಡಿಸ್ತೀನಿ ಅಂತ ಅರಕೆ ಒತ್ತಿವ್ನಿ. ಅವ್ಳು ಒಂದೊಂದ್ ಲೋಟ ಕುಡೀತಾಳೆ."

ಹಿಂದೆ ಯಾರೋ ಕಿಸಕ್ಕೆಂದರು. ಭಾವನವರು ಮುಂದೆ ಬಂದರು. "ಊರ ಕಟ್ಟು ಮುರೀಬ್ಯಾಡ ಕಣವ್ವ. ಬಾವಿ ಸ್ವಾಮಿದು."

"ಸ್ವಾಮಿದೇ ಭಾವ. ಅದಕ್ಕೇ ಸ್ವಾಮಿನ ಕೇಳ್ತಾ ಇವ್ನಿ, ನಿಮ್ಮನ್ನ ಕೇಳ್ತಿಲ್ಲ. ನಿಮ್ಮವ್ವ ಈ ಬಾವಿ ನೀರು ಕುಡಿಸಿ ನಿಮ್ಗೆ ಇಂಥಾ ಅಲ್ಲು ಕೊಟ್ಟಳು. ನೀವು ನಿಮ್ಮ ಮಗೀಗೆ ಯಾವ ನೀರು ಕೊಟ್ರಿ? ಪ್ರಹ್ಲಾದನ್ನ ಕಾಪಾಡಕ್ಕೆ ಕಂಬ ಸೀಳ್ಕೊಂಡು ಬಂದ ಸ್ವಾಮಿ ಅವ್ನು. ಮಗೀಗೆ ಒಂದ್ ಲೋಟ ನೀರು ಕೊಡ್ಬ್ಯಾಡ ಅಂತಾನಾ?"

ಒಡ್ಡಿದ ಬಿಂದಿಗೆಯನ್ನು ನಾನು ಕೆಳಗಿಳಿಸಲಿಲ್ಲ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಯಾರೋ ಹೊರಗೆ ಹೋದರು. ನಮ್ಮ ಓರಗಿತ್ತಿ. ಅವರ ಮನೆ ಗುಡಿಯ ಎದುರಿಗೇ. ಸ್ವಲ್ಪ ಹೊತ್ತಿಗೆ ಅವಳೂ ಒಂದು ಬಿಂದಿಗೆ ತಂದು ನನ್ನ ಪಕ್ಕ ನಿಂತು, ಗಂಡನ ಕಡೆ ನೋಡದೆ ಹೇಳಿದಳು:

"ನಂಗೂ ತೀರ್ಥ ಆಕಿ ಪೂಜಾರಪ್ಪ. ನನ್ನ ಎಣ್ಣಿಂದು ಮುಗ್ದೋಯ್ತು. ನಾಳೆ ಮೊಮ್ಮಕ್ಳು ಬಂದ್ರೆ ಇರ್ಲಿ."

ಪೂಜಾರಪ್ಪ ಗರ್ಭಗುಡಿಯ ಕಡೆ ತಿರುಗಿ ಕೈಮುಗಿದರು. ಆಮೇಲೆ ತಾವೇ ಬಾವಿಗೆ ಹೋಗಿ ಎರಡೂ ಬಿಂದಿಗೆ ಸೇದಿ ತುಂಬಿ, ಸ್ವಾಮಿಯ ಮುಂದಿಟ್ಟು, ಒಂದೊಂದಕ್ಕೂ ಒಂದು ತುಳಸಿ ದಳ ಹಾಕಿ, "ತಕ್ಕೊಳ್ಳಿ, ಈಗ ಇದೂ ತೀರ್ಥವೇ" ಎಂದರು. ಭಾವನವರು ಮೆಟ್ಟಿಲ ಹತ್ತಿರ ಚಪ್ಪಲಿ ಹುಡುಕುತ್ತ ಬಹಳ ಹೊತ್ತು ನಿಂತಿದ್ದರು.

ಮುಂದಿನ ವಾರಕ್ಕೆ ಬಿಂದಿಗೆಗಳು ಸಾಲು ನಿಂತವು. ಗುಡಿಯೊಳಗೆ ಬಿಟ್ಟುಕೊಳ್ಳದ ಹೊರಕೇರಿಯ ಹೆಂಗಸರು ಅಂಗಳಕ್ಕೆ ಬರದೆ ಬಾಗಿಲಾಚೆ ನಿಂತಿದ್ದರು. ತೀರ್ಥ ಹೊರಗೆ ನಿಂತವರಿಗೂ ಹೋಗುತ್ತದಲ್ಲ ಎಂದು ನಾನು ಕೇಳಬೇಕಾಯಿತು. ಆಮೇಲೆ ಅವರಿಗೂ ತುಂಬಿ ಕೊಟ್ಟರು. ಅವರನ್ನು ಹೊರಗೇ ನಿಲ್ಲಿಸಿ ಕೊಟ್ಟರು. ಅದು ನನಗೆ ಇಂದಿಗೂ ಚುಚ್ಚುತ್ತದೆ. ಬ್ಲೀಚಿಂಗ್ ಪುಡಿ ಹಾಕುವ ದಿನ ಪೂಜಾರಪ್ಪ, "ಈ ವಾಸ್ನೆಗೆ ಸ್ವಾಮಿ ಸೀನ್ತಾನೆ, ಇವತ್ತು ಎಳ್ನೀರಭಿಷೇಕವೇ ಸೈ" ಎಂದು ಬಾವಿಕಟ್ಟೆಯಿಂದ ದೂರ ಸರಿದು ಕೂತರು. ಮಳೆ ಬಂದಾಗ ಹೆಂಚಿನ ಮಾಡಿಗೆ ತಗಡಿನ ದೋಣಿ ಕಟ್ಟಿ, ಮಾಡಿನ ಕೊಳೆ ಹೋಗಲೆಂದು ಮೊದಲ ನೀರನ್ನು ಹೊರಕ್ಕೆ ಬಿಟ್ಟು, ಆಮೇಲಿನದನ್ನು ಬಟ್ಟೆ ಕಟ್ಟಿದ ಡ್ರಮ್ಮಿಗೆ ಹಿಡಿದೆವು. ಬೋರಿನ ನೀರು ಬಟ್ಟೆಗೆ, ದನಕ್ಕೆ. ಪಂಪು ಹಸಿರಾಗಿಯೇ ಉಳಿಯಿತು. ಕೆಂಪು ಬಳಿಯಲು ಮತ್ತೆ ಯಾರೂ ಬರಲಿಲ್ಲ. ಹೊಸದಾಗಿ ಬಂದ ಸೊಸೆಯರಿಗೆ ನಾವೇ ಬಾಯಲ್ಲಿ ಹೇಳಬೇಕಾಗಿತ್ತು.

ಚಿಕ್ಕವಳು ಶಾಲೆಗೆ ಸೇರಿದ ಮೇಲೆ ಒಂದು ಬೆಳಿಗ್ಗೆ, ಮುಂದಿನ ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸದರ ಅಂಚು ಕಂಡಿತು. ಅವಳನ್ನು ಜಗಲಿಯ ಬಿಸಿಲಿಗೆ ನಿಲ್ಲಿಸಿ ಬಾಯಿ ತೆಗೆಸಿದೆ. ಮೂಲೆಯಲ್ಲಿ ಒಂದು ಸಣ್ಣ ಸುಣ್ಣದ ಚುಕ್ಕೆ. ಅಷ್ಟೇ. ಉಳಿದದ್ದೆಲ್ಲ ಸ್ವಚ್ಛ. "ನರಸಿಂಹಾ" ಎಂದು ಕೂತಲ್ಲೇ ಕೈಮುಗಿದೆ.

ದೊಡ್ಡವಳೂ ಬಗ್ಗಿ ನೋಡಿದಳು. "ಬೆಳ್ಳಗೈತೆ ಕಣವ್ವಾ! ಭಾಳ ಬೆಳ್ಳಗೈತೆ!" ಎಂದು ಅವಳಿಗೆ ಸಂತೋಷ ತಡೆಯದೆ ನಗು ಬಂತು. ನಗು ಬಂದ ಕೂಡಲೇ ಎಡಗೈ ತಾನಾಗಿಯೇ ಬಾಯಿಗೆ ಹೋಯಿತು.

ಆ ಕೈಯನ್ನು ಹಿಡಿದು ಕೆಳಗಿಳಿಸಿದೆ. ಮತ್ತೆ ಏರಿತು. ಸಿಕ್ಕಿದ ದಯೆಯನ್ನು ಎಣಿಸಿಕೊಳ್ಳುವವಳು ನಾನು. ಆ ಒಂದು ಹಲ್ಲಿಗೆ ಸ್ವಾಮಿಗೆ ತುಪ್ಪದ ದೀಪವನ್ನೂ ಹಚ್ಚಿದೆ. ಆದರೆ ಬಾಯಿಗೆ ಏರಿದ ಆ ಕೈಗೆ ಉತ್ತರ ಹೇಳಬೇಕಾದವರು ಯಾರೂ ನಮ್ಮ ಮನೆ ಬಾಗಿಲಿಗೆ ಬಂದು ಹೇಳಲಿಲ್ಲ.

ಒಳಗೆ ಒಲೆಯ ಮೇಲೆ ಬಾವಿಯ ನೀರು ಮಳ್ಳಿ ಮುಚ್ಚಳ ಕುಣಿಯುತ್ತಿತ್ತು. ಎದ್ದು ಹೋಗಿ ಸೌದೆ ಹಿಂದಕ್ಕೆಳೆದು ಪಾತ್ರೆ ಇಳಿಸಿದೆ. ನೀರು ಆರುವ ತನಕ, ಬಿಂದಿಗೆಯ ಬಾಯಿಗೆ ಕಟ್ಟುವ ಸೋಸುಬಟ್ಟೆಯನ್ನು ಒಗೆದು ಹಿತ್ತಲ ಬಿಸಿಲಿಗೆ ಹರವಲು ಹೋದೆ.